ಬರ್ಫದ ಡಬ್ಬಿ ಹೊತ್ತ ಮಳೆಗಾಲ

ಹೋದ ಬೇಸಿಗೆಯಲ್ಲಿ ನಿಪ್ಪಾಣಿಯ ನನ್ನ ತಮ್ಮನ ಮನೆಯಲ್ಲಿ ಅವನ ಬಸುರಿ ಹೆಂಡತಿಯ ಕುಬಸದ ಕಾರ್ಯವಿತ್ತು. ಬಂದವರಿಗೆ ಮಜ್ಜಿಗೆ, ಶರಬತ್ತು ತಣ್ಣಗಿಡಲು ದೊಡ್ಡದೊಂದು ಐಸ್ ಡಬ್ಬಿ ಬಾಡಿಗೆಗೆ ತಂದಿದ್ದರು. ಅದರೊಳಗೆ ಬರ್ಫವನ್ನು ಪುಡಿ ಮಾಡಿ ಸುರಿಯುತ್ತಿದ್ದುದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಅವರನ್ನು ಸರಿಸಿ ನಾನೇ ತುಂಬಿದೆ. ಒಡೆಯದ ದೊಡ್ಡ ತುಂಡುಗಳನ್ನು ಒಂದಕ್ಕೊಂದು ಒತ್ತಿ ಇಟ್ಟು, ಸಂದಿಯಲ್ಲಿ ಗಾಳಿಗೆ ಜಾಗ ಬಿಡದೆ ಸಣ್ಣ ಚೂರು ತುರುಕಿ, ಮುಚ್ಚಳದ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆ. ಮರುದಿನ ಮಧ್ಯಾಹ್ನ ಪೆಂಡಾಲು ಬಿಚ್ಚುವಾಗ ತಮ್ಮ ಮುಚ್ಚಳ ತೆಗೆದವನೇ ಕೂಗಿದ.

"ಅಕ್ಕಾ, ಇನ್ನಾ ಅರ್ಧಕ್ಕರ್ಧ ಬರ್ಫ ಹಂಗ ಐತಿ ನೋಡ! ಎಲ್ಲಿ ಕಲತಿ ಇದನ್ನ?"

"ನೌಕರಿಯಾಗ" ಎಂದೆ. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದಿತ್ತು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಆ ವಾಸನೆಯಲ್ಲಿ ನನಗೆ ಒಂದು ಇಡೀ ಮಳೆಗಾಲವಿದೆ. ಅದನ್ನು ಇಷ್ಟು ದಿನ ಯಾರಿಗೂ ಪೂರ್ತಿ ಹೇಳಿಲ್ಲ.

ನಾನು ಪಶುವೈದ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಪರೀಕ್ಷಕಿ. ಆದರೆ ಹಳ್ಳಿಯ ಜನಕ್ಕೆ ಸೂಜಿ ಹಿಡಿದವರೆಲ್ಲ ಡಾಕ್ಟರೇ, ಹಾಗಾಗಿ ನನ್ನನ್ನು 'ಡಾಕ್ಟರಬಾಯಾರು' ಎನ್ನುತ್ತಿದ್ದರು. ಅಥಣಿ ತಾಲೂಕಿನಲ್ಲಿ ಅನಂತಪುರದ ಆಚೆ, ಮಹಾರಾಷ್ಟ್ರದ ಗಡಿ ಕಣ್ಣಿಗೆ ಕಾಣುವ ಒಂದು ಊರಿನಲ್ಲಿ ನನ್ನ ದವಾಖಾನೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ಅಲ್ಲೇ ಇದ್ದಾರೆ. ಎರಡು ಕೋಣೆ, ಒಂದು ಹಳೆಯ ಫ್ರಿಜ್, ದನ ಕಟ್ಟಿ ನಿಲ್ಲಿಸುವ ಕಬ್ಬಿಣದ ಕಟಾಂಜನ, ಮತ್ತು ನನ್ನ ಜೊತೆಗೆ ಅಟೆಂಡರ್ ಮಲ್ಲಪ್ಪ. ನಿವೃತ್ತಿಗೆ ವರ್ಷವೂ ಉಳಿಯದ ಮನುಷ್ಯ. ಎಂಥ ಹಾಯುವ ಎತ್ತಾದರೂ ಅವನು ಮೂಗುದಾಣಿಗೆ ಕೈ ಹಾಕಿದರೆ ತಲೆ ತಗ್ಗಿಸುತ್ತಿತ್ತು.

ಆ ವರ್ಷ ಕಾರಹುಣ್ಣಿಮೆಗೆ ಇನ್ನೂ ಎರಡು ವಾರವಿರುವಾಗ ಚರ್ಮಗಂಟು ರೋಗ ಬಂತು. ಗಡಿಯಾಚೆ ಬಂದಿದೆ ಎಂಬ ಸುದ್ದಿ ಮೊದಲೇ ಇತ್ತು. ಒಂದು ದಿನ ಕಬ್ಬಿನ ತೋಟವೊಂದರಿಂದ ಕರೆ ಬಂತು. ಹೋಗಿ ನೋಡಿದರೆ ಬಿಳಿ ಖಿಲಾರಿ ತಳಿಯ ಹೋರಿಯ ಮೈತುಂಬ ಗಂಟುಗಳು, ನಿಂಬೆಹಣ್ಣಿನ ಗಾತ್ರದವು. ಮುಂಗಾಲು ಬಾತು ಕಂಬವಾಗಿತ್ತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಮೇವು ಮೂಸಿಯೂ ನೋಡುತ್ತಿರಲಿಲ್ಲ. ಮನೆಯವರು ವೀಳ್ಯದೆಲೆ, ಮೆಣಸು, ಬೆಲ್ಲ ಅರೆದು ತಿನ್ನಿಸುತ್ತಿದ್ದರು, ಬೇವಿನ ಹೊಗೆ ಹಾಕುತ್ತಿದ್ದರು. ನಾನು ಜ್ವರಕ್ಕೆ ಸೂಜಿ ಕೊಟ್ಟೆ, ಹುಣ್ಣಿಗೆ ಮುಲಾಮು ಕೊಟ್ಟೆ. ಐದನೆಯ ದಿನ ಅದು ಸತ್ತಿತು. ಆಮೇಲೆ ದಿನಕ್ಕೊಂದು ಕರೆ, ಎರಡು ಕರೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಕೊಚ್ಚೆಯಲ್ಲಿ ನೊಣ, ಸೊಳ್ಳೆ, ಉಣ್ಣಿ ಬೆಳೆದವು. ಅವೇ ರೋಗವನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದವು. ದನದ ಸಂತೆ ಮುಚ್ಚಿತು. ಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವವರಿಲ್ಲ, ಓಣಿಯಲ್ಲಿ ಮೆರೆಸುವವರಿಲ್ಲ. ಊರ ಹೊರಗೆ ಜೆಸಿಬಿ ನಿಂತಿರುತ್ತಿತ್ತು. ಅದು ಕೆಲಸ ಶುರು ಮಾಡಿದ ಸದ್ದು ಕೇಳಿದರೆ ಯಾರ ಮನೆಯದು ಎಂದು ಜನ ಹೊರಗೆ ಬಂದು ನಿಲ್ಲುತ್ತಿದ್ದರು.

ಬಂದ ರೋಗಕ್ಕೆ ಮದ್ದಿರಲಿಲ್ಲ, ಬರದ ಹಾಗೆ ಲಸಿಕೆಯಿತ್ತು. ಅಥಣಿಯಿಂದ ಅದನ್ನು ತರಬೇಕು. ಅದು ಬೇಡುತ್ತಿದ್ದುದು ಒಂದೇ ಸಂಗತಿ, ತಂಪು. ಹೊರಟಲ್ಲಿಂದ ದನದ ಕುತ್ತಿಗೆಗೆ ಇಳಿಯುವವರೆಗೂ ತಂಪಾಗಿರಬೇಕು. ಬೆಚ್ಚಗಾದರೆ ಕೆಡುತ್ತದೆ, ಆದರೆ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಬಣ್ಣ ಅದೇ, ವಾಸನೆ ಅದೇ.

ದವಾಖಾನೆಯಲ್ಲಿ ಇದ್ದದ್ದು ಹೆಗಲಿಗೆ ಹಾಕಿಕೊಳ್ಳುವ ಒಂದು ಚಿಕ್ಕ ನೀಲಿ ಡಬ್ಬಿ. ಅದರ ಬಕಲು ಮುರಿದು, ಮುಚ್ಚಳವನ್ನು ಸುತಳಿ ಹಗ್ಗದಿಂದ ಕಟ್ಟಬೇಕಾಗಿತ್ತು. ಕರೆಂಟು ಹೋದರೆ ಅರ್ಧ ದಿನ ಬರುತ್ತಿರಲಿಲ್ಲ, ಫ್ರಿಜ್ಜಿನಲ್ಲಿ ಬರ್ಫ ಗಟ್ಟಿಯಾಗುತ್ತಲೇ ಇರಲಿಲ್ಲ. ಮೊದಲ ದಿನವೇ ಎರಡನೆಯ ಊರು ಮುಟ್ಟುವ ಹೊತ್ತಿಗೆ ಡಬ್ಬಿಯೊಳಗೆ ಬರೀ ನೀರು. ನಾನು ನಿಯಮದಂತೆ ಸೀಸೆಗಳನ್ನು ಬೇರೆ ಇಟ್ಟು, "ಇವತ್ತ ಆಗೂದಿಲ್ರಿ, ಔಷಧ ಕೆಟ್ಟೈತಿ" ಎಂದೆ. ದನ ಹಿಡಿದು ಕಾದಿದ್ದ ಜನ ರೊಚ್ಚಿಗೆದ್ದರು.

"ಪಗಾರ ತಗೊಳ್ಳಾಕ ಬರ್ತದ, ಬರ್ಫ ತರಾಕ ಬರೂದಿಲ್ಲೇನ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಕೈಯಲ್ಲಿದ್ದ ಸಗಣಿಯನ್ನು ನನ್ನ ಸ್ಕೂಟರಿನ ಸೀಟಿನ ಮೇಲೆ ಎಸೆದ. ಮಲ್ಲಪ್ಪ ತನ್ನ ಟವೆಲ್ಲಿನಿಂದ ಸೀಟು ಒರೆಸಿದ. ಇನ್ನೊಮ್ಮೆ ಹೀಗೆ ಜನರ ಮುಂದೆ ನಿಲ್ಲಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಆ ಗಟ್ಟಿತನ ಮುಂದೆ ಎಂಥ ಕೆಲಸ ಮಾಡಿಸಿತು ಎಂಬುದನ್ನು ಹೇಳುತ್ತೇನೆ.

ಮರುದಿನ ಅಥಣಿಗೆ ಹೋದಾಗ ಮೀನು ಮಾರುವ ಕಟ್ಟೆಯ ಮುಂದೆ ನನ್ನ ಕಣ್ಣು ನಿಂತಿತು. ಅಷ್ಟು ಬಿಸಿಲಿನಲ್ಲೂ ಅಲ್ಲಿ ಒಬ್ಬ ಹೆಂಗಸಿನ ಡಬ್ಬಿಯಿಂದ ಗಟ್ಟಿ ಬರ್ಫ ಹೊರಬರುತ್ತಿತ್ತು. ಶೇವಂತಾಬಾಯಿ ಎಂದು ಹೆಸರು. ಹಣೆಯ ತುಂಬ ಕುಂಕುಮ, ಕಚ್ಚೆ ಹಾಕಿದ ಸೀರೆ, ಅರ್ಧ ಮಾತು ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ. ನಾನು ಯಾರೆಂದು ಹೇಳಿ, ಬರ್ಫ ಉಳಿಸುವುದು ಹೇಗೆಂದು ಕೇಳಿದೆ. ಗಿರಾಕಿಗಳನ್ನು ಬಿಟ್ಟು ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ತಂಗೆವ್ವ, ಬರ್ಫ ಪುಡಿ ಮಾಡಬ್ಯಾಡ. ಪುಡಿ ಲಗೂನ ನೀರಾಗ್ತದ. ಬರ್ಫದ ಫ್ಯಾಕ್ಟರಿಯಿಂದ ಇಡೀ ಲಾದಿ ತಗೊ, ದೊಡ್ಡ ದೊಡ್ಡ ತುಂಡ ಮಾಡ. ಡಬ್ಬಿ ಬಿಸಿ ಇದ್ದಾಗ ಬರ್ಫ ಹಾಕಿದರ ಅದರ ಬಿಸಿ ತಿನ್ನೂದರಾಗ ಅರ್ಧ ಹೋಗ್ತದ. ಮೊದಲ ಒಂದೀಟು ಬರ್ಫ ಹಾಕಿ ಡಬ್ಬೀನ ತಣ್ಣಗ ಮಾಡ, ಆ ನೀರ ಚೆಲ್ಲ, ಆಮ್ಯಾಲ ತುಂಬ. ಖಾಲಿ ಜಾಗ ಬಿಡಬ್ಯಾಡ. ಗಾಳಿ ಅಂದ್ರ ಬರ್ಫದ ವೈರಿ."

"ಮುಚ್ಚಳ ತಗದು ತಗದು ಸೀಸೆ ತಗೀಬೇಕಲ್ರಿ ನಾ?"

"ಅದಕ್ಕ ಎರಡು ಡಬ್ಬಿ ಬೇಕು. ತಗ್ಯೂದು ಬ್ಯಾರೆ, ಇಡೂದು ಬ್ಯಾರೆ. ಇಡೂ ಡಬ್ಬಿ ದಿನಕ್ಕ ಎರಡ ಸಲಕ್ಕಿಂತ ತಗೀಬ್ಯಾಡ. ನೆರಳಾಗ ಇಡು, ಮ್ಯಾಲ ಹಸಿ ಗೋಣಿ ಹಾಕು. ಕಳಲಂ ಕಾ? ತಿಳೀತಿಲ್ಲ?"

ನನಗೆ ತಿಳಿಯಿತು. ಆ ವಾರ ಚಿಕ್ಕೋಡಿಗೆ ಮೀಟಿಂಗಿಗೆ ಹೋಗಿದ್ದೆ, ಅಲ್ಲಿನ ಬಾಜಾರಿನಲ್ಲಿ ಡಬ್ಬಿ ಹುಡುಕುತ್ತ ಮಧ್ಯಾಹ್ನವಿಡೀ ಅಲೆದೆ. ನೀರು ತುಂಬುವ ನಳದ ಡಬ್ಬಿಗಳಿದ್ದವು. ಗೋಡೆ ತೆಳ್ಳಗೆ, ಬಾಯಿ ಚಿಕ್ಕದು. ಥರ್ಮಾಕೋಲಿನ ಮೀನು ಡಬ್ಬಿ ಅಗ್ಗ, ದಪ್ಪ, ಆದರೆ ನಮ್ಮ ರಸ್ತೆಯ ಕುಲುಕಿಗೆ ನಾಲ್ಕು ದಿನದಲ್ಲಿ ಪುಡಿಯಾಗುತ್ತದೆ. ಕೊನೆಗೆ ಒಬ್ಬ ಅಂಗಡಿಯವನು ಅಟ್ಟದ ಮೇಲಿಂದ ಬಿಳಿಯದೊಂದು ಪ್ಲಾಸ್ಟಿಕ್ ಡಬ್ಬಿ ಇಳಿಸಿದ. ಮೂರು ಬೆರಳು ದಪ್ಪದ ಗೋಡೆ, ಮುಚ್ಚಳವೂ ಅಷ್ಟೇ ದಪ್ಪ, ಬಾಯಿಯ ಸುತ್ತ ರಬ್ಬರಿನ ಪಟ್ಟಿ. ಕೆಂಪು ಬಣ್ಣದ್ದು ಇನ್ನೂ ಚೆಂದವಿತ್ತು. ಬಿಸಿಲಿಗೆ ಬಿಳಿಯದೇ ಸರಿ ಎಂದು ಬಿಳಿಯದನ್ನೇ ಕೈಯಿಂದ ದುಡ್ಡು ಹಾಕಿ ಕೊಂಡೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮಲ್ಲಪ್ಪನಿಗೆ ನಂಬಿಕೆಯಿರಲಿಲ್ಲ. ಹಾಗಾಗಿ ಭಾನುವಾರ ಪರೀಕ್ಷೆ ಮಾಡಿದೆವು. ಹಳೆಯ ನೀಲಿ ಡಬ್ಬಿಯಲ್ಲಿ, ಶೇವಂತಾಬಾಯಿ ಕೊಟ್ಟ ಮೀನಿನ ಥರ್ಮಾಕೋಲಿನಲ್ಲಿ, ಹೊಸದರಲ್ಲಿ ಒಂದೇ ತೂಕದ ಬರ್ಫ ಇಟ್ಟು ದವಾಖಾನೆಯ ಪಡಸಾಲೆಯಲ್ಲಿ ಸಾಲಾಗಿ ಇಟ್ಟೆವು. ಸಂಜೆಗೆ ನೀಲಿಯದರಲ್ಲಿ ನೀರು. ಮರುದಿನ ಬೆಳಿಗ್ಗೆ ಥರ್ಮಾಕೋಲಿನಲ್ಲಿ ಅಂಗೈಯಗಲದ ತುಂಡು. ಬಿಳಿಯದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಮಲ್ಲಪ್ಪ ಅದರ ಮೇಲೆ ಕೈಯಾಡಿಸಿ, "ಮೇಡಮ್ಮಾರ, ಇದು ಡಬ್ಬಿ ಅಲ್ರಿ, ಬಾವಿ" ಎಂದ. ಆ ಮಳೆಗಾಲದಲ್ಲಿ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ ಇರಬೇಕು.

ಆಮೇಲೆ ಮೂರು ವಾರ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಅಥಣಿಯಿಂದ ಲಾದಿ ಬರುತ್ತಿತ್ತು. ನಾನು ಡಬ್ಬಿ ತುಂಬುತ್ತಿದ್ದೆ. ತಳದಲ್ಲಿ, ನಾಲ್ಕು ಬದಿಯಲ್ಲಿ ಬರ್ಫ, ನಡುವೆ ಸ್ಟೀಲಿನ ಪಾತ್ರೆಯಲ್ಲಿ ಸೀಸೆಗಳು ಮತ್ತು ತಾಪಮಾಪಕ, ಮೇಲೆ ಮತ್ತೆ ಬರ್ಫ. ತಂಪು ಕೆಳಗೆ ಇಳಿಯುತ್ತದೆ, ಹಾಗಾಗಿ ಮೇಲಿನ ಬರ್ಫ ಯಾವತ್ತೂ ಬಿಡುತ್ತಿರಲಿಲ್ಲ. ದೊಡ್ಡ ಡಬ್ಬಿ ಮಲ್ಲಪ್ಪನ ಮೋಟರ್‌ಸೈಕಲ್ಲಿನ ಹಿಂದೆ, ನೀಲಿಯದು ನನ್ನ ಸ್ಕೂಟರಿನಲ್ಲಿ ಕಾಲ ಬಳಿ. ಸೂಜಿ ಹಾಕಿದ ದನದ ಕೋಡಿಗೆ ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದೆವು, ಇನ್ನೊಮ್ಮೆ ಬಂದಾಗ ಗುರುತಿಗೆ ಇರಲಿ ಎಂದು. ಜನ ಬೈಯುವುದು ನಿಂತಿತು. ಸಗಣಿ ಎಸೆದವನೇ ಒಂದು ದಿನ ಚಹಾ ಕುಡಿಸಿದ. ನನಗೆ ಸ್ವಲ್ಪ ಸೊಕ್ಕು ಬಂದಿತ್ತು ಎಂದು ಈಗ ಅನ್ನಿಸುತ್ತದೆ.

ಆ ದಿನ ಗುರುವಾರ. ಕೊನೆಗೆ ಹೋಗಬೇಕಾದದ್ದು ಕಲ್ಲು ನೆಲದ ಮೇಲಿನ ಒಂದು ವಸ್ತಿ. ಹತ್ತು ಹನ್ನೆರಡು ಗುಡಿಸಲು, ಕುರಿ ದನ ಸಾಕಿದ ಜನ. ಅಲ್ಲಿಗೆ ಹೋಗುವ ದಾರಿಯಲ್ಲಿ ದಾದಾಸಾಹೇಬ ಎಂಬ ದ್ರಾಕ್ಷಿ ತೋಟದ ಯಜಮಾನರ ಮನೆ. ಅವರ ಆರು ಜರ್ಸಿ ಆಕಳಿಗೆ ಮೊದಲು ಹಾಕಿ ಎಂದು ಎರಡು ಸಲ ಫೋನು ಮಾಡಿದ್ದರು. ಹೋದೆವು. ದೊಡ್ಡ ಡಬ್ಬಿಯನ್ನು ಮೋಟರ್‌ಸೈಕಲ್ ಸಮೇತ ಬೇವಿನ ಮರದ ನೆರಳಿಗೆ ನಿಲ್ಲಿಸಿದೆವು. ಅದರ ಮುಚ್ಚಳ ತೆಗೆದು ಬೇಕಾದ ಸೀಸೆಗಳನ್ನು ನೀಲಿ ಡಬ್ಬಿಗೆ ಹಾಕಿಕೊಂಡವಳು ನಾನು. ಮತ್ತೆ ಮುಚ್ಚಿದವಳೂ ನಾನೇ. ಮೇಲೆ ಗೋಣಿ ಎಳೆದು ಹಗ್ಗ ಬಿಗಿದೆ. ಗೋಣಿಯ ಒಂದು ಮೂಲೆ ಮುಚ್ಚಳದ ಕೆಳಗೆ ಸಿಕ್ಕಿಕೊಂಡಿತ್ತು. ನೋಡಲಿಲ್ಲ.

ಕೆಲಸ ಮುಗಿದು ಹೊರಡುವಾಗ ದಾದಾಸಾಹೇಬರ ಹೆಂಡತಿ ತಡೆದರು. "ಉಂಡು ಹೋಗ್ರಿ ಬಾಯಾರ. ಹೋಳಿಗಿ ಮಾಡೇನಿ. ನಮ್ಮ ಮನ್ಯಾಗ ಬಂದು ಹಂಗ ಹೋಗಬಾರದು." ಬೆಳಿಗ್ಗೆಯಿಂದ ನಾನೇನೂ ತಿಂದಿರಲಿಲ್ಲ. ಒಳಗೆ ಫ್ಯಾನಿನ ಕೆಳಗೆ ತಟ್ಟೆ ಹಾಕಿ, ತುಪ್ಪ ಬಡಿಸಿ, ನನ್ನ ಮದುವೆ, ಊರು, ತಂದೆ ತಾಯಿ ಎಲ್ಲ ಕೇಳಿದರು. ಮಲ್ಲಪ್ಪ ಎರಡು ಸಲ ಬಾಗಿಲಿಗೆ ಬಂದು, "ಮೇಡಮ್ಮಾರ, ವಸ್ತಿಯವರು ಕಾಯಾಕತ್ತಾರ್ರಿ" ಎಂದ. "ಬಂದೆ, ಬಂದೆ" ಎನ್ನುತ್ತ ಎರಡು ತಾಸು ಕುಳಿತೆ. ಆಮೇಲೆ ದಾದಾಸಾಹೇಬರು ತಮ್ಮ ಒಣದ್ರಾಕ್ಷಿ ಶೆಡ್ಡು ತೋರಿಸಿದರು, ಅದಕ್ಕೂ ಹೊತ್ತು ಹೋಯಿತು. ಬೇವಿನ ನೆರಳು ಸರಿದು ಡಬ್ಬಿ ಯಾವಾಗಲೋ ಬಿಸಿಲಿಗೆ ಬಿದ್ದಿತ್ತು. ಹೊರಡುವ ಗಡಿಬಿಡಿಯಲ್ಲಿ ಅದನ್ನೂ ನೋಡಲಿಲ್ಲ.

ವಸ್ತಿ ಮುಟ್ಟಿದಾಗ ನಾಲ್ಕು ಗಂಟೆ. ದನಗಳನ್ನೆಲ್ಲ ಗೂಟಕ್ಕೆ ಕಟ್ಟಿ ಬೆಳಿಗ್ಗೆಯಿಂದ ಕಾದಿದ್ದರು, ಮೇಯಲು ಬಿಟ್ಟಿರಲಿಲ್ಲ. ಎಲ್ಲರಿಗಿಂತ ಮುಂದೆ ನಿಂತವಳು ಲಕ್ಕವ್ವ. ನಲವತ್ತರ ಹೆಂಗಸು, ಕಟ್ಟುಮಸ್ತು ಮೈ. ಗಂಡ ಕುರಿ ಹೊಡೆದುಕೊಂಡು ನಾಲ್ಕು ತಿಂಗಳು ಹೊರಗೆ ಹೋಗಿದ್ದ. ಮನೆಯ ದನ ಅವಳ ಜವಾಬ್ದಾರಿ. ಸರ್ಜಾ, ರಾಜಾ ಎಂಬ ಖಿಲಾರಿ ಎತ್ತಿನ ಜೋಡಿ, ಗೌರಿ ಎಂಬ ಆಕಳು, ಅದರ ಹೆಣ್ಣುಕರು. ಕಬ್ಬಿನ ಸೀಜನ್ನಿನಲ್ಲಿ ಫ್ಯಾಕ್ಟರಿಗೆ ಗಾಡಿ ಹೊಡೆಯುತ್ತಿದ್ದವಳು ಅವಳೇ. ಆ ಜೋಡಿಯ ಮೇಲೆ ಅವರ ಬದುಕು ನಿಂತಿತ್ತು.

ನಾನು ಡಬ್ಬಿಯ ಹಗ್ಗ ಬಿಚ್ಚಿದೆ. ಮುಚ್ಚಳ ಒಂದು ಬೆರಳಷ್ಟು ಎದ್ದು ನಿಂತಿತ್ತು. ಒಳಗೆ ಬರೀ ನೀರು, ಒಂದು ಚೂರು ಬರ್ಫವೂ ಉಳಿದಿರಲಿಲ್ಲ. ಪಾತ್ರೆಯ ಸೀಸೆಗಳನ್ನು ಮುಟ್ಟಿದೆ, ಬೆಚ್ಚಗಿದ್ದವು. ತಾಪಮಾಪಕದ ಗೆರೆ ಇರಬೇಕಾದ ಜಾಗಕ್ಕಿಂತ ಬಹಳ ಮೇಲಿತ್ತು. ನನ್ನ ಭುಜದ ಮೇಲಿಂದ ಮಲ್ಲಪ್ಪನೂ ನೋಡಿದ. ತಗ್ಗಿದ ದನಿಯಲ್ಲಿ, "ಬ್ಯಾಡ್ರಿ ಮೇಡಮ್ಮಾರ. ಹೇಳಿಬಿಡೂಣು" ಎಂದ.

ನಾನು ತಲೆಯೆತ್ತಿ ನೋಡಿದೆ. ಇಪ್ಪತ್ತು ಮೂವತ್ತು ಜನ. ಹಸಿದ ದನಗಳು ಗೂಟ ಜಗ್ಗುತ್ತಿದ್ದವು. ಸಗಣಿ ಬಿದ್ದ ಸೀಟು ಕಣ್ಣ ಮುಂದೆ ಬಂತು. ಎಲ್ಲಿ ಕುಳಿತು ಹೊತ್ತು ಕಳೆದಿರಿ ಎಂದು ಕೇಳಿದರೆ ಹೋಳಿಗೆ ತಿನ್ನುತ್ತಿದ್ದೆ ಎನ್ನಬೇಕು.

"ಬರ್ಫ ಐತೇನ್ರಿ ಬಾಯಾರ? ಔಷಧ ಚಲೋ ಐತಿಲ್ಲ?" ಲಕ್ಕವ್ವ ಕೇಳಿದಳು.

"ಐತವ್ವ. ಹಿಡಕೊ ಎತ್ತ" ಎಂದೆ.

ಮಲ್ಲಪ್ಪ ನನ್ನ ಮುಖ ನೋಡಿದ. ಆಮೇಲೆ ಸರ್ಜಾನ ಮೂಗುದಾಣಿಗೆ ಕೈ ಹಾಕಿದ. ನಾನು ಸೀಸೆಯ ಪುಡಿ ಕರಗಿಸಿ ಸಿರಿಂಜಿಗೆ ಎಳೆದುಕೊಂಡೆ. ಒಂದಾದ ಮೇಲೊಂದು ಹಾಕಿದೆ. ಪೂರ್ತಿ ಸತ್ತಿರಲಿಕ್ಕಿಲ್ಲ, ಅರ್ಧವಾದರೂ ಶಕ್ತಿ ಉಳಿದಿರುತ್ತದೆ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಪ್ರತಿ ಕೋಡಿಗೂ ಕೆಂಪು ಗೆರೆ ಬಿತ್ತು. ಲಕ್ಕವ್ವ ತನ್ನ ನಾಲ್ಕು ದನಕ್ಕೂ ಆದ ಮೇಲೆ ನನ್ನ ಕೈಗೆ ನೀರು ಹಾಕಿ, "ಇನ್ನ ಕಣ್ತುಂಬ ನಿದ್ದಿ ಮಾಡ್ತೇನ್ರಿ" ಎಂದಳು.

ಹಿಂದಿರುಗುವಾಗ ಮಲ್ಲಪ್ಪ ಮೋಟರ್‌ಸೈಕಲ್ ನಿಲ್ಲಿಸಿ ನನ್ನನ್ನೂ ನಿಲ್ಲಿಸಿದ. "ಬರೂ ವಾರ ಹೊಸಾ ಔಷಧ ಬರ್ತದ್ರಿ. ಏನಾರ ಹೇಳಿ ಮತ್ತೊಮ್ಮೆ ಹಾಕಿ ಬರೂಣು." ಹೂಂ ಎಂದೆ. ಆ ವಾರ ಔಷಧ ಬಂತು. ಅನಂತಪುರದ ಕಡೆಯಿಂದ ಬೇಡಿಕೆ ಬಂತು, ಅಲ್ಲಿಗೆ ಒಯ್ದೆವು. ಅದರ ಮುಂದಿನ ವಾರ ಬೇರೆ ತಂಡ ಬಂದು ಉಳಿದ ವಸ್ತಿಗಳನ್ನು ಮುಗಿಸಿತು. ಕೆಂಪು ಗೆರೆಯ ದನಗಳನ್ನು ನೋಡಿ ಇವಕ್ಕೆ ಆಗಿದೆ ಎಂದು ಮುಂದೆ ಹೋದರು. ಅವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ದಿನ ಕಳೆದಂತೆ ಹೇಳುವುದು ಕಠಿಣವಾಯಿತು, ಮರೆಯುವುದು ಸುಲಭವಾಯಿತು.

ಸುಮಾರು ಒಂದು ತಿಂಗಳಿಗೆ ಲಕ್ಕವ್ವ ದವಾಖಾನೆಗೆ ಬಂದಳು. ನಡೆದುಕೊಂಡೇ ಬಂದಿದ್ದಳು, ಮೊಳಕಾಲವರೆಗೂ ಕೆಸರು.

"ಸರ್ಜಾನ ಮೈಮ್ಯಾಲ ಗಂಟು ಎದ್ದಾವ್ರಿ. ಅದು ಆ ರೋಗ ಅಲ್ಲ ಅನ್ರಿ. ನೀವು ಸೂಜಿ ಹಾಕೀರಲ್ಲ?"

ನಾನು ಹೋದೆ. ಅದು ಆ ರೋಗವೇ ಆಗಿತ್ತು. ಸರ್ಜಾ ಕುತ್ತಿಗೆ ಚಾಚಿ ಮಲಗಿತ್ತು. ಕೋಡಿನ ಮೇಲೆ ನನ್ನ ಕೆಂಪು ಗೆರೆ ಇನ್ನೂ ಮಾಸಿರಲಿಲ್ಲ. ಒಂಬತ್ತು ದಿನ ದಿನವೂ ಹೋದೆ. ಹುಣ್ಣಿನಲ್ಲಿ ಹುಳ ಬಿದ್ದವು. ಲಕ್ಕವ್ವ ಕಡ್ಡಿಯಿಂದ ಒಂದೊಂದಾಗಿ ತೆಗೆದು, ಬೇವಿನ ನೀರಿನಿಂದ ತೊಳೆಯುತ್ತಿದ್ದಳು. ಗಂಜಿ ಕುಡಿಸುತ್ತಿದ್ದಳು. ಕರುವನ್ನು ದೂರದ ಒಂದು ಗುಡಿಸಲಿಗೆ ಕಳಿಸಿದ್ದಳು, ಅದೊಂದಾದರೂ ಉಳಿಯಲಿ ಎಂದು. ಅಷ್ಟರಲ್ಲಿ ಗೌರಿಗೂ ಬಂತು, ರಾಜಾನಿಗೂ ಬಂತು. ಹತ್ತನೆಯ ದಿನ ನಾನು ಹೋಗುವ ಹೊತ್ತಿಗೆ ಜೆಸಿಬಿ ಬಂದು ನಿಂತಿತ್ತು. ಸರ್ಜಾನನ್ನು ಎಳೆಯುವಾಗ ಲಕ್ಕವ್ವ ಅಳಲಿಲ್ಲ. ಓಡಿ ಹೋಗಿ ಅದರ ಕೊರಳಿನ ಗೆಜ್ಜೆಪಟ್ಟಿ ಬಿಚ್ಚಿಕೊಂಡು ಬಂದಳು, ಅಷ್ಟೇ. ನಾಲ್ಕು ದಿನ ಬಿಟ್ಟು ಗೌರಿ ಹೋಯಿತು. ರಾಜಾ ಬದುಕಿತು. ಆದರೆ ಮುಂಗಾಲು ಸೆಟೆದು ಗಾಡಿಗೆ ಬಾರದಂತಾಯಿತು. ವಸ್ತಿಯ ಬೇರೆ ಎರಡು ಮನೆಯಲ್ಲೂ ದನಗಳು ಬಿದ್ದವು.

ಗೌರಿ ಸತ್ತ ಮರುದಿನ ನಾನು ಅಥಣಿಗೆ ಹೋಗಿ ನಮ್ಮ ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ. ಊಟಕ್ಕೆ ಕುಳಿತದ್ದು, ಮುಚ್ಚಳ, ತಾಪಮಾಪಕ, ಸುಳ್ಳು.

"ಔಷಧ ಚಲೋ ಇದ್ದರೂ ಕೆಲವೊಂದು ದನಕ್ಕ ಬರ್ತದ" ಎಂದರು ಡಾಕ್ಟರು. "ನಿನ್ನಿಂದನ ಸತ್ತಾವು ಅಂತ ಹೇಳಾಕ ಬರೂದಿಲ್ಲ. ನಿನ್ನಿಂದ ಅಲ್ಲ ಅಂತನೂ ಹೇಳಾಕ ಬರೂದಿಲ್ಲ. ಅದನ್ನ ನೀ ಹೊತ್ತಕೊಂಡ ತಿರಗಬೇಕು." ನನ್ನಿಂದ ಲಿಖಿತ ಹೇಳಿಕೆ ಬರೆಸಿಕೊಂಡರು. ಆಮೇಲೆ ಹೊಸ ಸೀಸೆಗಳನ್ನು ಎಣಿಸಿ ಕೊಟ್ಟು ಹೇಳಿದರು, "ಕೋಡಿನ ಬಣ್ಣ ನೋಡಬ್ಯಾಡ. ಆರಾಮ ಇರೂ ದನಕ್ಕೆಲ್ಲಾ ಮತ್ತ ಹಾಕು. ಯಾಕ ಹಾಕಾಕತ್ತಿ ಅಂತ ನೀನ ಹೇಳು."

ಮರುದಿನ ಡಬ್ಬಿ ತುಂಬುವಾಗ ಮಲ್ಲಪ್ಪ ಜೊತೆಗೆ ಕುಳಿತು ಒಂದೊಂದು ತುಂಡನ್ನು ಎತ್ತಿ ಕೊಟ್ಟ. ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ನೇರ ವಸ್ತಿಗೆ ಹೋದೆವು. ಜನ ಸೇರಿದರು. ನಾನು ನಿಂತುಕೊಂಡೇ ಹೇಳಿದೆ. ಆ ದಿನ ಬರ್ಫ ಕರಗಿತ್ತು, ಔಷಧ ಬಿಸಿಯಾಗಿತ್ತು, ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಕಿದೆ. ದನ ಕಳೆದುಕೊಂಡ ಒಬ್ಬ ಮುದುಕ ನೆಲಕ್ಕೆ ಉಗುಳಿ ತನ್ನ ಗುಡಿಸಲಿಗೆ ಹೋದ. ಒಬ್ಬ ಹರೆಯದವನು ಕಲ್ಲು ಎತ್ತಿಕೊಂಡ. ಅವನ ತಾಯಿ ಅವನ ಕೈ ಹಿಡಿದಳು. ಉಳಿದವರು ತಮ್ಮ ದನಗಳ ಕಡೆಗೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಲಕ್ಕವ್ವ ಖಾಲಿ ಗೂಟದ ಪಕ್ಕ ಕುಳಿತಿದ್ದಳು. ಅಲ್ಲಿಂದಲೇ ಕೇಳಿದಳು.

"ಅವತ್ತ ಯಾಕ ಹೇಳಲಿಲ್ರಿ?"

"ನೀವೆಲ್ಲಾ ಬೈತೀರಿ ಅಂತ ಅಂಜಿದೆ ಲಕ್ಕವ್ವ."

"ಬೈತಿದ್ದೆವು" ಎಂದಳು. "ಬೈದು, ಹೊಸಾ ಔಷಧ ಬಂದ ದಿನ ಮುಂಜಾನೆ ನಾಲ್ಕೂ ದನ ಹೊಡಕೊಂಡು ನಿಮ್ಮ ದವಾಖಾನಿಗೆ ಬರ್ತಿದ್ದೆ. ಎಷ್ಟ ದೂರ ಐತಿ? ಎರಡು ತಾಸಿನ ಹಾದಿ."

ಇಷ್ಟು ಸರಳವಾದ ದಾರಿಯೊಂದು ಇತ್ತು ಎಂಬುದು ಆ ದಿನ ವಸ್ತಿಯಲ್ಲಿ ಡಬ್ಬಿ ಬಿಚ್ಚಿ ನಿಂತಾಗ ನನಗೆ ಹೊಳೆದೇ ಇರಲಿಲ್ಲ. ಅವರನ್ನು ಬೈಯುವ ಜನವೆಂದು ಮಾತ್ರ ನೋಡಿದ್ದೆ, ದನಕ್ಕಾಗಿ ಎರಡು ತಾಸು ನಡೆಯುವ ಜನವೆಂದು ನೋಡಿರಲಿಲ್ಲ.

ಲಕ್ಕವ್ವ ಎದ್ದು ದೂರದ ಗುಡಿಸಲಿನಿಂದ ಕರುವನ್ನು ಹಿಡಿದುಕೊಂಡು ಬಂದಳು. ಮೈ ನುಣ್ಣಗಿತ್ತು, ಒಂದು ಗಂಟೂ ಇರಲಿಲ್ಲ. ನಾನು ಸಿರಿಂಜು ತೆಗೆಯಲು ಬಾಗಿದೆ.

"ತಡೀರಿ. ಮೊದಲ ಡಬ್ಬಿ ತಗೀರಿ" ಎಂದಳು.

ತೆಗೆದೆ. ಅವಳು ಕರುವಿನ ಹಗ್ಗವನ್ನು ಮಲ್ಲಪ್ಪನ ಕೈಗೆ ಕೊಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬಲಗೈಯನ್ನು ಬರ್ಫದ ತುಂಡುಗಳ ನಡುವೆ ತುರುಕಿ ತಳ ಮುಟ್ಟುವವರೆಗೂ ಇಳಿಸಿದಳು. ತೆಗೆಯಲಿಲ್ಲ. ಅವಳ ಮುಂಗೈ ಕೆಂಪಗಾಯಿತು, ತುಟಿ ಬಿಗಿಯಾಯಿತು. ನೋವು ಹತ್ತುವವರೆಗೂ ಹಾಗೇ ಹಿಡಿದಳು. ಆಮೇಲೆ ಕೈ ಹೊರತೆಗೆದು, ಸೀಸೆಯೊಂದನ್ನು ತನ್ನ ಗಲ್ಲಕ್ಕೆ ಒತ್ತಿ ನೋಡಿದಳು. ನನ್ನ ಮುಖವನ್ನು ನೋಡದೆ ಸೀಸೆಯನ್ನು ನನ್ನ ಕೈಗಿಟ್ಟು ಕರುವಿನ ಕುತ್ತಿಗೆ ಹಿಡಿದಳು.

"ಹಾಕ್ರಿ" ಎಂದಳು.